ಬೇಬಿ ಕಾರಿನ ಒರಳುಕಲ್ಲು

ಹಾಲಿನ ಪಾತ್ರೆ ಹಿಡಿದು ಹೊರಗೆ ಬಂದ ಮಲ್ಲಿಕಾಂಬಳಿಗೆ ಜಗಲಿಯ ಮೇಲೆ ಕಾರಿನ ಹಿಂದಿನ ಸೀಟು ಕಾಣಿಸಿತು. ಗೋಡೆಗೆ ಒತ್ತರಿಸಿ ಇಟ್ಟಿದ್ದರು. ಅದರ ಮೇಲೆ ಅತ್ತೆ ಕಲ್ಲಮ್ಮ ಕಾಲು ಮಡಚಿಕೊಂಡು ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಮೆತ್ತಗೈತೆ ಕಣೇ," ಅಂದರು. "ಸೊಂಟಕ್ಕೆ ಹಿತವಾಗೈತೆ. ಇದು ಇಲ್ಲೇ ಇರ್ಲಿ."

ಸೀಟು ಇಲ್ಲಿದ್ದರೆ ಕಾರು ಎಲ್ಲಿ ಅನ್ನುವುದನ್ನು ಮಲ್ಲಿಕಾಂಬ ಕೇಳಿಯೇ ತಿಳಿಯಬೇಕಾಯಿತು. ಕಾರು ತರೀಕೆರೆಯಲ್ಲಿ, ಹನೀಫ್ ಸಾಬರ ಗ್ಯಾರೇಜಿನಲ್ಲಿತ್ತು. ಸರ್ವೀಸಿಗೆಂದು ಗ್ಯಾರೇಜಿನ ಹುಡುಗನಿಂದ ಓಡಿಸಿಕೊಂಡು ಒಯ್ದಿದ್ದ ಮೈದುನ ಓಂಕಾರಮೂರ್ತಿ ಅದನ್ನು ಅಲ್ಲೇ ಬಿಟ್ಟು, ಸೀಟನ್ನು ಮಾತ್ರ ಲಾರಿಗೆ ಹಾಕಿಸಿಕೊಂಡು ಕಡೂರಿಗೆ ವಾಪಸಾಗಿದ್ದ. ಚಿಕ್ಕಮಗಳೂರಿನ ಕಾಫಿ ತೋಟದವರ ಒಂದು ಮೋಟಾರು ಕ್ಲಬ್ಬು ಯುಗಾದಿ ಕಳೆದ ಮೇಲೆ ಅಜ್ಜಂಪುರದ ಹತ್ತಿರದ ಬಯಲಲ್ಲಿ ಕಾರ್ ರೇಸ್ ಇಟ್ಟುಕೊಂಡಿತ್ತು. ಮಣ್ಣುಹಾದಿಯ ರೇಸು, ಸಣ್ಣ ಕಾರುಗಳಿಗೇ ಒಂದು ಬೇರೆ ಪಂದ್ಯ. ಮನೆಯ ಹಳೇ ಕಾರನ್ನು ರೇಸ್ ಕಾರು ಮಾಡಿ, ಅದನ್ನು ತಾನು ಓಡಿಸುವುದೆಂದು ಓಂಕಾರಮೂರ್ತಿ ತೀರ್ಮಾನಿಸಿದ್ದ. ರೇಸ್ ಕಾರು ಹಗುರವಾಗಿರಬೇಕು. ಆದ್ದರಿಂದ ಮೊದಲು ಸೀಟು ಕಿತ್ತದ್ದು.

ಅವನು ಅಣ್ಣನನ್ನು ಕೇಳಿದ್ದ. ಅಣ್ಣ, ಅಂದರೆ ಮಲ್ಲಿಕಾಂಬಳ ಗಂಡ ಜಯದೇವಪ್ಪ, "ಹೂಂ" ಅಂದಿದ್ದ. ಕೇಳಿದವನೂ ಹೂಂ ಅಂದವನೂ ಅವತ್ತು ಅವಳು ಬಡಿಸಿದ ಊಟ ಮಾಡುತ್ತಲೇ ಮಾತಾಡಿದ್ದರು. ಅವಳು ಸಾರು ಬಡಿಸಿ, ಒಳಗೆ ಹೋಗಿ ಮಜ್ಜಿಗೆ ತರುವಷ್ಟರಲ್ಲಿ ಕಾರಿನ ವಿಷಯ ಮುಗಿದಿತ್ತು.

ಆದರೆ ಕಾರು ಮಲ್ಲಿಕಾಂಬಳದು.

ಅವಳ ತಂದೆ ಕರಿಸಿದ್ದಪ್ಪ ತರೀಕೆರೆಯಲ್ಲಿ ಅಕ್ಕಿ ವ್ಯಾಪಾರ ಮಾಡಿಕೊಂಡಿದ್ದವರು. ಬೇಬಿ ಹಿಂದೂಸ್ತಾನ್ ಅನ್ನುವ ಗುಂಡುಬೆನ್ನಿನ ಪುಟ್ಟ ಕಾರೊಂದನ್ನು ಇಟ್ಟಿದ್ದರು. ಕಣ್ಣು ಮಂಜಾದಾಗ ಮಗಳಿಗೆ ಓಡಿಸಲು ಕಲಿಸಿ, ಅವಳು ಓಡಿಸುವಾಗ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಊರೂರು ತಿರುಗಿದರು. ಅವಳ ಮದುವೆಯಾದ ಕೆಲವು ವರ್ಷಕ್ಕೆ, ನನಗಿನ್ನೇನು ಮಾಡೋದೈತೆ ಎಂದು ಕಾರನ್ನು ಅವಳ ಜೊತೆಗೇ ಕಡೂರಿಗೆ ಕಳಿಸಿಬಿಟ್ಟರು. ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಜಯದೇವಪ್ಪ ಒಮ್ಮೆ ಕಲಿಯಲು ನೋಡಿ, ಕಾರನ್ನು ಕೊಬ್ಬರಿ ರಾಶಿಯ ಮೇಲೆ ಹತ್ತಿಸಿ, ಅವತ್ತೇ ಕೈಬಿಟ್ಟ. ಹೀಗಾಗಿ ಎಪ್ಪತ್ತರ ದಶಕವಿಡೀ ಆ ಮನೆಯ ಕಾರು ಓಡಿಸಿದವಳು ಮಲ್ಲಿಕಾಂಬ ಒಬ್ಬಳೇ. ಅತ್ತೆಯನ್ನು ಬೀರೂರಿನ ಡಾಕ್ಟರ ಹತ್ತಿರ ಕರೆದೊಯ್ಯುವುದು, ಮಂಡಿಯ ಹಮಾಲಿಗಳಿಗೆ ಊಟ ತಲುಪಿಸುವುದು, ಬಾಣಂತಿಯರನ್ನು ಮನೆಗೆ ಬಿಡುವುದು, ಮಠಕ್ಕೆ ಕಾಯಿ ಮುಟ್ಟಿಸುವುದು. ಅದನ್ನು ಯಾರೂ ಡ್ರೈವಿಂಗ್ ಅನ್ನುತ್ತಿರಲಿಲ್ಲ. "ಮಲ್ಲಿ ಹೋಗಿ ಬತ್ತಾಳೆ" ಅನ್ನುತ್ತಿದ್ದರು, ಬಾವಿಗೆ ಹೋಗಿ ಬರುವ ಹಾಗೆ.

ಆ ಮನೆಯಲ್ಲಿ ಇನ್ನೊಂದು ಮಾತಿತ್ತು. ಅವಳು ಕಾರಿನ ಬೀಗದಕೈ ತೆಗೆದುಕೊಂಡಳೆಂದರೆ ಸಾಕು, ಎಲ್ಲಿಂದಲೋ ಅದು ಬರುತ್ತಿತ್ತು. "ಹೆಂಗೂ ಹೋಗ್ತೀಯಲ್ಲ." ಹೆಂಗೂ ಹೋಗ್ತೀಯಲ್ಲ, ಈ ಎರಡು ಮೂಟೆ ಸ್ಟೇಷನ್ನಿಗೆ ಹಾಕಿಬಿಡು. ಹೆಂಗೂ ಹೋಗ್ತೀಯಲ್ಲ, ಬರುವಾಗ ವೀಳ್ಯದೆಲೆ ತಾ. ಹೆಂಗೂ ಹೋಗ್ತೀಯಲ್ಲ, ಟೈಲರ್ ಹತ್ತಿರ ನನ್ನ ರವಿಕೆ ಆಗಿದೆಯಾ ನೋಡು. ಕೊನೆಯದನ್ನು ಹೇಳುವವರು ಪಕ್ಕದ ಮನೆಯವರು. ಮಲ್ಲಿಕಾಂಬ ತಾನೊಬ್ಬಳೇ, ತನ್ನ ಕೆಲಸಕ್ಕೆ, ಡಿಕ್ಕಿ ಖಾಲಿ ಇಟ್ಟುಕೊಂಡು ಎಲ್ಲಾದರೂ ಹೋದದ್ದು ಮದುವೆಯಾದ ಮೇಲೆ ಇರಲೇ ಇಲ್ಲ. ತವರಿಗೆ ಹೊರಟರೂ ದಾರಿಯಲ್ಲಿ ಇಳಿಸುವ ಸಾಮಾನು ಇರುತ್ತಿತ್ತು.

ಸೀಟು ನೋಡಿದ ವಾರವೇ ಅವಳು ತರೀಕೆರೆ ಬಸ್ಸು ಹತ್ತಿದಳು. ಜಗಳವಾಡುವ ಉದ್ದೇಶವಿಟ್ಟುಕೊಂಡೇ ಹೋಗಿದ್ದಳು. ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನಲ್ಲಿ ಬೇಬಿ ನಿಂತಿತ್ತು. ಬಂಪರ್ ಇಲ್ಲ, ಚಕ್ರದ ಹೊಳೆಯುವ ಮುಚ್ಚಳಗಳಿಲ್ಲ, ಬಾಗಿಲ ಒಳಗಿನ ಹಲಗೆಗಳಿಲ್ಲ, ಕಾಲಡಿಯ ನಾರಿನ ಚಾಪೆಯೂ ಇಲ್ಲ. ಬಾನೆಟ್ ತೆಗೆದಿಟ್ಟು ಎಂಜಿನ್ನಿನ ತಲೆ ಬಿಚ್ಚಿದ್ದರು. ಅವಳ ತಂದೆಯ ಕಾಲದಿಂದಲೂ ಅದೇ ಕಾರಿನ ಕೆಲಸ ಮಾಡಿದ್ದ ಮಹಮ್ಮದ್ ಹನೀಫ್ ಕೈ ಒರೆಸಿಕೊಂಡು ಎದ್ದು ಬಂದರು. ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿರಲಿಲ್ಲ ಎಂದರು. ಮುಖದಲ್ಲಿ ನಿಜವಾದ ಸಂಕಟವಿತ್ತು. ಬೇಕಾದರೆ ಎಲ್ಲಾ ಮೊದಲಿನ ಹಾಗೆ ಕೂಡಿಸಿಕೊಡುತ್ತೇನೆ ಎಂದೂ ಹೇಳಿದರು.

ಮಲ್ಲಿಕಾಂಬ ಕಾರಿನ ಸುತ್ತ ಬಂದಳು. ಸೀಟಿಲ್ಲದ ಹಿಂಭಾಗಕ್ಕೆ ತಲೆ ಹಾಕಿ ನೋಡಿದಳು. ಮೂಟೆಗಳು, ಕ್ಯಾರಿಯರುಗಳು, ಬಾಣಂತಿಯರು, ಅತ್ತೆ, ಎಲ್ಲರೂ ಕೂತು ಹೋದ ಜಾಗ ಬರಿದಾಗಿತ್ತು. ಇನ್ನು ಅಲ್ಲಿ ಯಾರನ್ನೂ ಕೂರಿಸುವ ಹಾಗಿರಲಿಲ್ಲ. ಆ ಯೋಚನೆಗೆ ಅವಳ ಕೋಪ ಅರ್ಧ ಇಳಿಯಿತು.

"ಈ ರೇಸಲ್ಲಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಸಾಬ್ರೇ?" ಎಂದು ಕೇಳಿದಳು.

"ಎಲ್ಲಿಗೂ ಇಲ್ಲಮ್ಮ. ಸುತ್ತು ಹೊಡೆದು ಹೊರಟಲ್ಲಿಗೇ ಬರೋದು."

"ಏನೂ ತಗೊಂಡು ಹೋಗೋ ಹಂಗಿಲ್ಲ?"

ಹನೀಫರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಖಾಲಿ ಕಾರಲ್ಲೇ ಹೋಗಬೇಕು, ಅದಕ್ಕೇ ಅಲ್ಲವೇ ಇಷ್ಟೆಲ್ಲ ಬಿಚ್ಚಿದ್ದು ಅಂದರು.

ಹೊರಟ ಜಾಗಕ್ಕೇ ವಾಪಸ್ ಬರುವುದು, ಏನನ್ನೂ ಕೊಡದೆ, ಏನನ್ನೂ ತರದೆ. ಅಂಥದ್ದೊಂದು ಪ್ರಯಾಣಕ್ಕೆ ಗಂಡಸರು ಕ್ಲಬ್ಬು ಕಟ್ಟಿಕೊಂಡಿದ್ದಾರೆ, ಬಹುಮಾನ ಇಟ್ಟಿದ್ದಾರೆ ಅನ್ನುವುದು ಅವಳಿಗೆ ಹೊಸ ಸಂಗತಿ. ಒಮ್ಮೆ ತಾನೂ ಹಾಗೆ ಹೋಗಿ ಬರಬೇಕು ಅನ್ನಿಸಿತು. ಅವಳು ಕೂಡಿಸಿಕೊಡಿ ಅನ್ನಲಿಲ್ಲ. ಬಿಚ್ಚಿದ್ದು ಮುಂದುವರಿಯಲಿ, ಆದರೆ ಕಾರು ನಾನು ಓಡಿಸುತ್ತೇನೆ ಎಂದಳು.

ಹನೀಫ್ ತಕರಾರು ಮಾಡಲಿಲ್ಲ. ತಕರಾರು ಮಾಡಿದವನು ಓಂಕಾರಮೂರ್ತಿ. ಕಡೂರಿನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ ಅವನು ಕೆಟ್ಟವನಲ್ಲ. ಅತ್ತಿಗೆಯನ್ನು ಕಂಡರೆ ಪ್ರೀತಿ, ಅವಳ ಕೈಯ ಅಡುಗೆ ಕಂಡರೆ ಇನ್ನೂ ಪ್ರೀತಿ. ಹಿಂದಿನ ದೀಪಾವಳಿಗೆ ತನ್ನ ಸಂಬಳದಲ್ಲಿ ಮನೆಗೆ ಮಿಕ್ಸಿ ತಂದವನೂ ಅವನೇ. ಅವತ್ತಿನಿಂದ ಹಿತ್ತಲ ಬಾಗಿಲ ಪಕ್ಕದ ಒರಳುಕಲ್ಲು ಕೆಲಸವಿಲ್ಲದೆ ಕೂತಿತ್ತು. ಅದರ ಕುಳಿಯಲ್ಲಿ ನಿಂತ ನೀರು ಗುಬ್ಬಿಗಳು ಕುಡಿಯುತ್ತಿದ್ದವು. ಮಲ್ಲಿಕಾಂಬಳ ಮಾತಿಗೆ ಅವನು ನಕ್ಕ.

"ಅತ್ತಿಗೆ, ಅದು ರೇಸು ಕಣ್ರೀ. ಕಾರು ಓಡಿಸೋದಲ್ಲ."

ಜಯದೇವಪ್ಪ ನಡುವೆ ಬಂದು, ಹೇಗೂ ಇನ್ನೂ ದಿನವಿದೆ, ಆಮೇಲೆ ನೋಡೋಣ ಎಂದ. ಅವನ ಆಮೇಲೆ ನೋಡೋಣ ಅಂದರೆ ಓಂಕಾರ ಓಡಿಸಲಿ ಎಂದೇ ಅರ್ಥ. ಮಲ್ಲಿಕಾಂಬ ವಾದಕ್ಕೆ ನಿಲ್ಲಲಿಲ್ಲ. ವಾರಕ್ಕೆ ಎರಡು ಸಲ ತರೀಕೆರೆಗೆ ಹೋಗತೊಡಗಿದಳು.

ಓಂಕಾರಮೂರ್ತಿ ಗ್ಯಾರೇಜಿಗೆ ಹೊರಡಬೇಕಾದರೆ ಚಪ್ಪಲಿ ಮೆಟ್ಟಿದರೆ ಸಾಕಿತ್ತು. ಮಲ್ಲಿಕಾಂಬ ಹೊರಡಬೇಕಾದರೆ ಹಿಂದಿನ ದಿನದಿಂದಲೇ ಶುರು. ಕಾಳು ನೆನೆಹಾಕಬೇಕು, ಮಧ್ಯಾಹ್ನದ ರೊಟ್ಟಿ ಬೆಳಗ್ಗೆಯೇ ತಟ್ಟಿ ಬಟ್ಟೆಯಲ್ಲಿ ಸುತ್ತಿಡಬೇಕು, ಅತ್ತೆಯ ಕಷಾಯ ಕುದಿಸಿಡಬೇಕು, ಹಮಾಲಿಗಳ ಊಟ ಕಟ್ಟಿಡಬೇಕು, ಹಸುವಿಗೆ ಬೂಸಾ ಯಾರು ಇಡುತ್ತಾರೆ ಅನ್ನುವುದನ್ನು ಮೂರು ಮಂದಿಗೆ ಹೇಳಿ ಒಬ್ಬರಾದರೂ ನೆನಪಿಟ್ಟುಕೊಳ್ಳುವ ಹಾಗೆ ನೋಡಬೇಕು. ಬಸ್ಸಿನಲ್ಲಿ ಸೀಟು ಸಿಕ್ಕಾಗ ಅವಳಿಗೆ ಅರ್ಧ ದಿನದ ದುಡಿಮೆ ಮುಗಿದಿರುತ್ತಿತ್ತು. ಒಮ್ಮೆ ಓಂಕಾರಮೂರ್ತಿ, ನೀವು ಯಾವಾಗಲೂ ಲೇಟು ಅತ್ತಿಗೆ ಎಂದ. ಮುಂದಿನ ಸಲ ಅವಳು ರೊಟ್ಟಿ ಹಿಟ್ಟು ಕಲಸಿ ಅವನ ಮುಂದಿಟ್ಟು, ನೀನು ತಟ್ಟು, ನಾನು ಬೇಗ ಹೊರಡ್ತೀನಿ ಅಂದಳು. ಅವನು ತಟ್ಟಿದ ರೊಟ್ಟಿಯನ್ನು ಕಲ್ಲಮ್ಮ ಹಸುವಿಗೆ ಹಾಕಿದರು. ಆದರೆ ಲೇಟು ಅನ್ನುವ ಮಾತು ಮತ್ತೆ ಬರಲಿಲ್ಲ.

ಗ್ಯಾರೇಜಿನಲ್ಲಿ ಹೊಸದಾಗಿ ಕೊಂಡದ್ದು ಬಹಳ ಕಡಿಮೆ. ಮಣ್ಣುಹಾದಿಯ ಕಲ್ಲು ತಾಗಿ ಎಂಜಿನ್ನಿನ ತಳ ಒಡೆಯದಿರಲೆಂದು ಅಡಿಗೆ ಕಟ್ಟಿದ ಕಬ್ಬಿಣದ ತಗಡು, ಆಲೆಮನೆಯಲ್ಲಿ ಬೆಲ್ಲ ಕಾಯಿಸಿ ಸವೆದ ಕೊಪ್ಪರಿಗೆಯದು. ಕಾರು ಮಗುಚಿದರೆ ತಲೆ ಉಳಿಯಬೇಕಲ್ಲ, ಅದಕ್ಕೆ ಒಳಗೆ ಬಗ್ಗಿಸಿ ಕೂರಿಸಿದ ಕಂಬಿ ದಪ್ಪ ನೀರಿನ ಪೈಪು. ಎದೆಗೆ ಅಡ್ಡ ಕಟ್ಟುವ ಪಟ್ಟಿ ಅಕ್ಕಿ ಗಿರಣಿಯ ಹಳೇ ಬೆಲ್ಟು. ಅದನ್ನು ಸೀಳಿ, ಅಂಚು ಮಡಚಿ, ದಪ್ಪ ದಾರದಲ್ಲಿ ಹೊಲಿದುಕೊಟ್ಟವರು ಹನೀಫರ ಹೆಂಡತಿ ಅಮೀನಾಬಿ. ಗ್ಯಾರೇಜಿನ ಹಿಂದೆಯೇ ಅವರ ಮನೆ. ಹೊಲಿಯುತ್ತಾ ಅವರು ಮಲ್ಲಿಕಾಂಬಳ ಕತೆ ಕೇಳಿದರು. ಹೆಂಗೂ ಹೋಗ್ತೀಯಲ್ಲ ಅನ್ನುವ ಮಾತು ಬಂದಾಗ ಸೂಜಿ ನಿಲ್ಲಿಸಿ ನಕ್ಕರು. ನಮ್ಮ ಮನೇಲಿ ಅದು "ಜಾತೀಚ್ ಹೈ ನಾ", ಹೋಗೋದು ಹೋಗ್ತೀಯಲ್ಲ ಅಂತ, ಎಂದರು. ನೀರಿಗೆ ಹೋದರೂ ಜಾತೀಚ್ ಹೈ ನಾ, ಮಯ್ಯತ್ತಿಗೆಂದು ಸಾವಿನ ಮನೆಗೆ ಹೋದರೂ ಜಾತೀಚ್ ಹೈ ನಾ, ಬರುವಾಗ ಸೀಮೆಎಣ್ಣೆ ತಾ.

ಎಂಜಿನ್ನಿನ ವಾಲ್ವುಗಳನ್ನು ಗಾಳಿ ಸೋರದಂತೆ ಕೂರಿಸಬೇಕಿತ್ತು. ಒರಟು ಲೇಪ ಹಚ್ಚಿ, ಕೋಲಿನ ತುದಿಗೆ ಸಿಕ್ಕಿಸಿ, ಎರಡು ಅಂಗೈ ನಡುವೆ ಆ ಕಡೆ ಈ ಕಡೆ ತಿರುಗಿಸುತ್ತಾ ಕೂರಬೇಕು. ಇದನ್ನು ಚೆನ್ನಾಗಿ ರುಬ್ಬಬೇಕಮ್ಮ ಎಂದರು ಹನೀಫ್.

"ಇಲ್ಲೂ ರುಬ್ಬೋದೇನಾ?"

"ಇಲ್ಲಿ ರುಬ್ಬಿದ್ರೆ ಯಾರೂ ತಿಂದು ಖಾಲಿ ಮಾಡಲ್ಲ. ಹಂಗೇ ಇರ್ತದೆ."

ಅದು ಮಲ್ಲಿಕಾಂಬಳಿಗೆ ಹಿಡಿಸಿತು. ಮಾಡಿದ ಕೆಲಸ ಸಂಜೆಯ ಹೊತ್ತಿಗೆ ಮಾಯವಾಗದೆ ಹಾಗೇ ಉಳಿಯುವುದು. ಅಷ್ಟೂ ವಾಲ್ವುಗಳನ್ನು ಅವಳೇ ರುಬ್ಬಿದಳು.

ಕಾರು ಸಿದ್ಧವಾದ ಮೇಲೆ ಪರೀಕ್ಷೆಗೆ ಲಿಂಗದಹಳ್ಳಿ ಕಡೆಯ ಒಂದು ಗರಸು ಮಣ್ಣಿನ ಏರುಹಾದಿಗೆ ಒಯ್ದರು. ಹಿಂದೆ ಕೆಮ್ಮಣ್ಣುಗುಂಡಿಯ ಗುಡ್ಡ ಬಿಸಿಲಲ್ಲಿ ನೀಲಿಯಾಗಿ ಕಾಣುತ್ತಿತ್ತು. ಮೊದಲು ಓಂಕಾರಮೂರ್ತಿ ಓಡಿಸಿದ. ಎಂಜಿನ್ನಿನ ಸದ್ದು ಚೆನ್ನಾಗಿತ್ತು, ಹೊರಟದ್ದೂ ಚೆನ್ನಾಗಿತ್ತು. ಮೊದಲ ತಿರುವಿನಲ್ಲೇ ಕಾರಿನ ಹಿಂಭಾಗ ಒಂದು ಕಡೆ ಜಾರಿ, ಬೇಬಿ ಅಡ್ಡ ತಿರುಗಿ ಚರಂಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರೂ ಸೇರಿ ಕೈಯಲ್ಲೇ ಎತ್ತಿ ಮೇಲಿಟ್ಟರು. ಹಗುರ ಮಾಡಿದ್ದಕ್ಕೆ ಇದೊಂದು ಲಾಭ ಆಯ್ತಲ್ಲ ಎಂದರು ಹನೀಫ್. ಆಮೇಲೆ ಮಲ್ಲಿಕಾಂಬ ಓಡಿಸಿದಳು. ಚರಂಡಿಗೆ ಬೀಳಲಿಲ್ಲ, ಅಷ್ಟೇ. ಅವಳ ಕೈಯಲ್ಲೂ ಕಾರಿನ ಬಾಲ ಅಲ್ಲಾಡಿತು. ಏರಿನಲ್ಲಿ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ ಕಲ್ಲು ತೂರಿದವೇ ಹೊರತು ಕಾರು ಮೇಲೆ ಹೋಗಲಿಲ್ಲ.

"ಚಕ್ರಕ್ಕೆ ನೆಲ ಸಿಗ್ತಿಲ್ಲ," ಎಂದರು ಹನೀಫ್. ಅದಕ್ಕೆಂದೇ ಬರುವ ಮುಳ್ಳುಮುಳ್ಳಿನ ಟಯರು ಹಾಕಬೇಕಿತ್ತು. ಅದು ತೋಟದವರಿಗೆ ಎಟುಕುವ ಮಾತು. ಇದ್ದ ಟಯರಿನಲ್ಲೇ ಹೋಗುವುದು, ಆದದ್ದಾಗಲಿ ಎಂದಾಯಿತು. ಇನ್ನೂ ಹಗುರ ಮಾಡಿದರೆ ಸರಿಹೋಗಬಹುದು ಎಂದು ಓಂಕಾರಮೂರ್ತಿ ಡಿಕ್ಕಿಯ ಒಳಗಿನ ಹಲಗೆಯನ್ನೂ, ಪಕ್ಕದ ಸೀಟಿನ ದಿಂಬನ್ನೂ ತೆಗೆಸಿದ. ರೇಸಿನ ವಾರ ಮಲ್ಲಿಕಾಂಬ ಕಾರನ್ನು ಕಡೂರಿಗೆ ಓಡಿಸಿ ತಂದಾಗ ಆ ದಿಂಬೂ ಜಗಲಿಗೆ ಬಂತು. ಕಲ್ಲಮ್ಮನಿಗೆ ಈಗ ಕಾಲಿಡಲೂ ಮೆತ್ತಗಾಯಿತು.

ರೇಸಿನ ಹಿಂದಿನ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಜಯದೇವಪ್ಪ ತೀರ್ಪು ಹೇಳಿದ. ಓಂಕಾರ ಓಡಿಸಲಿ, ಅವನ ಬ್ಯಾಂಕಿನವರೆಲ್ಲ ನೋಡಲು ಬರುತ್ತಿದ್ದಾರೆ. ಮಲ್ಲಿಕಾಂಬ ಕಾರನ್ನು ಅಜ್ಜಂಪುರದವರೆಗೆ ತಂದು ಕೊಡಲಿ. ಯಾಕೆಂದರೆ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡಿಸುವುದು ಓಂಕಾರನಿಗೆ ಆಗದು.

ಲಾರಿಗಳ ನಡುವೆ ಓಡಿಸಲಾಗದವನು ರೇಸು ಓಡಿಸಬಹುದೇ ಎಂದು ಅವಳು ಕೇಳಿದಳು. ರೇಸಿನಲ್ಲಿ ಎದುರಿಗೆ ಲಾರಿ ಬರುವುದಿಲ್ಲವಲ್ಲ ಎಂದು ಓಂಕಾರಮೂರ್ತಿ ಪ್ರಾಮಾಣಿಕವಾಗಿ ಉತ್ತರಿಸಿದ. ಮಲ್ಲಿಕಾಂಬ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹಿತ್ತಲಿಗೆ ಹೋದಳು. ಅವತ್ತು ಮಜ್ಜಿಗೆಯನ್ನು ಅವರವರೇ ಹಾಕಿಕೊಂಡರು.

ಮರುದಿನ ಬೆಳಗ್ಗೆ ಅವಳು ಸ್ನಾನ ಮುಗಿಸಿ, ತಿಂಡಿ ಮುಗಿಸಿ, ಮನೆ ಮಂದಿಯ ಇಡೀ ದಿನದ ಊಟ ಮುಚ್ಚಿಟ್ಟು ಹೊರಗೆ ಬಂದರೆ ಬೇಬಿಯ ಹಿಂಭಾಗ ಕೆಳಗೆ ಕುಸಿದಿತ್ತು. ಡಿಕ್ಕಿ ತೆಗೆದು ನೋಡಿದಳು. ಒಳಗೆ ಗೋಣಿಚೀಲದ ಮೇಲೆ ಒರಳುಕಲ್ಲು ಕೂತಿತ್ತು. ಪಕ್ಕದಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಗುಂಡುಕಲ್ಲು.

ಕಲ್ಲಮ್ಮ ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ಒಳ್ಳೆ ಕೆಲಸ ಮಾಡಿದವರ ಸಮಾಧಾನ. ಮಗಳು ತೀರ್ಥಮ್ಮ ಅಜ್ಜಂಪುರದಲ್ಲಿ ಹೊಸ ಮನೆ ಮಾಡಿದ್ದಳು. ಅಲ್ಲಿ ರುಬ್ಬಲು ಕಲ್ಲಿಲ್ಲ, ಇಲ್ಲಿ ಕಲ್ಲು ಸುಮ್ಮನೆ ಬಿದ್ದಿದೆ. ಬೆಳಗಿನ ಜಾವ ಮಂಡಿಯ ಹಮಾಲಿಗಳನ್ನು ಕರೆಸಿ ಎತ್ತಿಸಿಟ್ಟಿದ್ದರು.

"ಹೆಂಗೂ ಹೋಗ್ತೀಯಲ್ಲ," ಎಂದರು. "ತೀರ್ಥನ ಮನೇಲಿ ಇಳಿಸಿ ಬಾ."

ಸಂಕ್ರಾಂತಿಯಿಂದ ಇಲ್ಲಿಯವರೆಗೆ ಅವರು ಆ ಕಾರಿನಿಂದ ಬೋಲ್ಟು ಬೋಲ್ಟಾಗಿ ಭಾರ ಇಳಿಸಿದ್ದರು. ಓಂಕಾರಮೂರ್ತಿ ತಲೆಯ ಮೇಲೆ ಕೈಯಿಟ್ಟುಕೊಂಡ. ಇಳಿಸೋಣವೆಂದರೆ ಹಮಾಲಿಗಳು ಆಗಲೇ ಸಂತೆಗೆ ಹೋಗಿಯಾಗಿತ್ತು. ಅದು ಒಬ್ಬಿಬ್ಬರಿಂದ ಏಳುವ ಕಲ್ಲಲ್ಲ. ಮಲ್ಲಿಕಾಂಬ ಡಿಕ್ಕಿ ಮುಚ್ಚಿ ಸ್ಟಿಯರಿಂಗ್ ಹಿಂದೆ ಕೂತಳು. ರೇಸಿನ ದಿನವೂ ಒಂದು ಸಾಮಾನು ತಲುಪಿಸುವುದು. ಕಾರನ್ನು ಮೈದುನನಿಗೆ, ಕಲ್ಲನ್ನು ನಾದಿನಿಗೆ. ಓಂಕಾರಮೂರ್ತಿ ದಿಂಬಿಲ್ಲದ ಸೀಟಿನ ಕಂಬಿಯ ಮೇಲೆ ಟವೆಲ್ ಮಡಚಿ ಹಾಕಿಕೊಂಡು ಕೂತ.

ಬೀರೂರಿನ ಆಚೆ ಒಂದು ಕಡೆ ರಸ್ತೆ ರಿಪೇರಿ ನಡೆಯುತ್ತಿತ್ತು. ಉದ್ದಕ್ಕೂ ಸಡಿಲ ಗರಸು ಸುರಿದಿದ್ದರು, ಜೊತೆಗೆ ಒಂದು ತಿರುವು, ತಿರುವಿನಲ್ಲೇ ಏರು. ಮಲ್ಲಿಕಾಂಬ ಸಿಟ್ಟಿನಲ್ಲಿದ್ದಳು. ವೇಗ ಇಳಿಸುವುದನ್ನು ಮರೆತಳು. ಬಾಲ ಅಲ್ಲಾಡುತ್ತದೆ ಎಂದು ಕೈ ಬಿಗಿ ಮಾಡಿದರೆ, ಅಲ್ಲಾಡಲಿಲ್ಲ. ಹಿಂದಿನ ಚಕ್ರಗಳು ನೆಲ ಕಚ್ಚಿ ಹಿಡಿದು ಕಾರನ್ನು ಏರಿನ ಮೇಲಕ್ಕೆ ದಬ್ಬಿದವು.

ಅವಳು ಕಾರು ನಿಲ್ಲಿಸಿದಳು. ಹಿಂದಕ್ಕೆ ತಂದು ಮತ್ತೆ ಅದೇ ತಿರುವನ್ನು ಇನ್ನೂ ಜೋರಾಗಿ ಹತ್ತಿಸಿದಳು. ರಸ್ತೆ ಕೆಲಸದ ಹೆಂಗಸರು ಬಾಂಡಲಿ ಹಿಡಿದು ನಿಂತು ನೋಡಿದರು.

"ಅತ್ತಿಗೆ," ಎಂದ ಓಂಕಾರಮೂರ್ತಿ, "ಜಾರ್ಲಿಲ್ಲ."

"ಕಲ್ಲು ಕೂತೈತಲ್ಲ," ಎಂದಳು ಮಲ್ಲಿಕಾಂಬ.

ಅಜ್ಜಂಪುರದ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು, ಬಾವುಟ ನೆಟ್ಟು, ಶಾಮಿಯಾನ ಹಾಕಿದ್ದರು. ಒಣಹುಲ್ಲಿನ ಬಯಲಲ್ಲಿ ದೊಡ್ಡದೊಂದು ಸುತ್ತು, ಕೊನೆಯಲ್ಲಿ ಗರಸಿನ ದಿಬ್ಬ. ಒಬ್ಬೊಬ್ಬರೇ ಓಡಿಸಬೇಕು, ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ. ಹನೀಫ್ ಮೊದಲೇ ಬಂದು ಕಾದಿದ್ದರು. ಡಿಕ್ಕಿ ತೆರೆದು ನೋಡಿದವರು ಯಾ ಅಲ್ಲಾ ಎಂದು, ಇಳಿಸಲು ನಾಲ್ಕು ಮಂದಿಯನ್ನು ಕರೆಯಲು ಹೊರಟರು. ಮಲ್ಲಿಕಾಂಬ ತಡೆದಳು. ದಾರಿಯಲ್ಲಿ ಆದದ್ದನ್ನು ಹೇಳಿದಳು. ಹನೀಫ್ ಹಿಂದಿನ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತು ಸ್ವಲ್ಪ ಹೊತ್ತು ಟಯರನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದವರಿಗೆ ನಗು ನಿಲ್ಲಲಿಲ್ಲ. ನಾವು ಮುಂದಿನದ್ದು ಹಿಂದಿನದ್ದು ನೋಡದೆ ಎಲ್ಲಾ ಕಡೆಯಿಂದ ಕಿತ್ತುಬಿಟ್ಟೆವು, ಹಿಂದಿನ ಚಕ್ರದ ಮೇಲೆ ಒಂದಿಷ್ಟು ಭಾರ ಉಳಿಸಬೇಕಿತ್ತು, ನನಗೂ ತೋಚಲಿಲ್ಲ ಎಂದರು.

ತಪಾಸಣೆಗೆ ಬಂದ ಕ್ಲಬ್ಬಿನವನು ಗಿರಣಿ ಬೆಲ್ಟು ಎಳೆದು ನೋಡಿದ, ಪೈಪಿನ ಕಂಬಿ ಅಲ್ಲಾಡಿಸಿದ, ಡಿಕ್ಕಿಯ ಹತ್ತಿರ ಬಂದು ನಿಂತ. ಇದೇನು ಎಂದು ಕೇಳಿದ. ಒರಳುಕಲ್ಲು ಎಂದಳು. ಯಾಕೆ ಎಂದ. ಭಾರಕ್ಕೆ ಎಂದಳು. ಅವನು ನಿಯಮದಲ್ಲಿ ಹುಡುಕಿದ. ಕಡಿಮೆ ಭಾರದ ಮಾತಿತ್ತು, ಹೆಚ್ಚು ಭಾರದ ಮಾತಿರಲಿಲ್ಲ. ಅಲ್ಲಾಡದ ಹಾಗೆ ಕಟ್ಟಬೇಕು, ಸಡಿಲವಾದದ್ದು ಏನೂ ಒಳಗೆ ಇರಬಾರದು ಎಂದು ಹೇಳಿ ಮುಂದೆ ಹೋದ. ಹನೀಫ್ ಗೋಣಿಚೀಲ ತುರುಕಿ, ಲಾರಿ ಹಗ್ಗ ಹಾಕಿ, ಕಲ್ಲನ್ನು ಕಾರಿಗೇ ಹುಟ್ಟಿದ ಹಾಗೆ ಬಿಗಿದರು.

ಅಷ್ಟು ಹೊತ್ತಿಗೆ ಓಂಕಾರಮೂರ್ತಿಯ ಬ್ಯಾಂಕಿನ ಸ್ನೇಹಿತರು ಬಂದಿದ್ದರು. ಒಬ್ಬ ಡಿಕ್ಕಿಗೆ ಇಣುಕಿ, ಏನಪ್ಪಾ ಓಂಕಾರ, ದಾರಿಯಲ್ಲಿ ದೋಸೆಗೆ ರುಬ್ಬಿಕೊಳ್ಳೋದಾ ಎಂದ. ಇನ್ನೊಬ್ಬ, ಚಟ್ನಿ ಕಾಯಿ ಮರೆತು ಬಂದಿದ್ದೀಯ ಎಂದ. ಓಂಕಾರಮೂರ್ತಿಯ ಕಿವಿ ಕೆಂಪಾಯಿತು. ಅವನು ಅತ್ತಿಗೆಯನ್ನು ಪಕ್ಕಕ್ಕೆ ಕರೆದ.

"ಅತ್ತಿಗೆ, ಕಲ್ಲು ತೆಗೆಸಿ. ಇಷ್ಟು ಜನರ ಮುಂದೆ ಒರಳುಕಲ್ಲು ಹೊತ್ಕೊಂಡು ನಾನು ಓಡ್ಸಲ್ಲ."

"ತೆಗೆದ್ರೆ ಜಾರ್ತದೆ. ನೀನೇ ನೋಡಿದ್ಯಲ್ಲ."

"ಜಾರಿದ್ರೆ ಜಾರ್ಲಿ. ಮಾನ ಇರ್ತದೆ."

"ಕಾರು ನಂದು ಓಂಕಾರ. ಕಲ್ಲು ತೆಗೆಯಲ್ಲ."

"ಹಂಗಾದ್ರೆ ನೀವೇ ಓಡ್ಸಿ," ಎಂದ ಅವನು. ಸಿಟ್ಟಿನಲ್ಲಿ ಅಂದದ್ದು.

"ಹೂಂ," ಎಂದಳು ಮಲ್ಲಿಕಾಂಬ.

ಅವನಿಗೆ ತಾನು ಏನು ಹೇಳಿದೆ ಅನ್ನುವುದು ಅರ್ಥವಾಗುವಷ್ಟರಲ್ಲಿ ಅವಳು ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ಬೆಲ್ಟು ಎದೆಗೆ ಅಡ್ಡ ಹಾಕಿ, ಹನೀಫರಿಂದ ಬಿಗಿ ಮಾಡಿಸಿಕೊಳ್ಳುತ್ತಿದ್ದಳು. ಯಾರದ್ದೋ ಸ್ಕೂಟರಿನ ಹೆಲ್ಮೆಟ್ ಬಂತು. ತುರುಬಿಗೆ ತಡೆಯಿತು. ತುರುಬು ಬಿಚ್ಚಿ ಜಡೆ ಬಿಟ್ಟುಕೊಂಡಳು. ಆಗ ಒಂದು ಸಾಮಾನು ಉಳಿದದ್ದು ನೆನಪಾಯಿತು. ಹಳೇ ಸೀರೆಯಲ್ಲಿ ಸುತ್ತಿದ ಗುಂಡುಕಲ್ಲು ಸಡಿಲವಾಗಿತ್ತು. ಅದನ್ನು ಒಳಗೆ ಇಡುವ ಹಾಗಿರಲಿಲ್ಲ. ಅವಳು ಕಿಟಕಿಯಿಂದ ಓಂಕಾರಮೂರ್ತಿಯನ್ನು ಕರೆದು, ಅದನ್ನು ತೆಗೆದುಕೋ ಎಂದಳು.

"ಹೆಂಗೂ ನಿಂತಿರ್ತೀಯಲ್ಲ," ಎಂದಳು. "ಹಿಡ್ಕೊಂಡಿರು."

ಬಾವುಟ ಇಳಿಯಿತು. ಬೇಬಿ ಹೊರಟ ರೀತಿಗೆ ಜನ ಮೊದಲು ನಕ್ಕರು. ಮೂತಿ ಎತ್ತಿ, ಹಿಂಭಾಗ ತಗ್ಗಿಸಿ, ತುಂಬಿದ ಬಸುರಿಯ ಹಾಗೆ ಕಾಣುತ್ತಿತ್ತು. ನೇರದಲ್ಲಿ ಅದು ಬೇರೆ ಕಾರುಗಳಷ್ಟು ಚುರುಕಿರಲಿಲ್ಲ. ಕಲ್ಲು ಕಲ್ಲೇ ತಾನೆ. ಆದರೆ ಮೊದಲ ತಿರುವಿನಲ್ಲಿ, ಅವಳಿಗೆ ಮೊದಲು ಓಡಿಸಿದವರೆಲ್ಲ ಅಡ್ಡಡ್ಡ ಜಾರಿ ಧೂಳೆಬ್ಬಿಸಿ ಸರಿಮಾಡಿಕೊಂಡ ಕಡೆ, ಬೇಬಿ ಗೆರೆ ಎಳೆದ ಹಾಗೆ ತಿರುಗಿತು. ಮಲ್ಲಿಕಾಂಬ ಮುಂದಿನದ್ದನ್ನು ಇನ್ನೂ ಜೋರಾಗಿ ತೆಗೆದುಕೊಂಡಳು. ಪಕ್ಕದಲ್ಲಿ ಹಾಲು ಚೆಲ್ಲೀತು ಅನ್ನುವವರಿರಲಿಲ್ಲ, ನಿಧಾನ ಕಣೇ ಅನ್ನುವ ಅತ್ತೆ ಇರಲಿಲ್ಲ, ಎದುರಿಗೆ ಲಾರಿಯೂ ಇರಲಿಲ್ಲ. ಅದರಲ್ಲಿ ಮಾತ್ರ ಓಂಕಾರ ಹೇಳಿದ್ದು ಸರಿ. ಹೆಲ್ಮೆಟ್ಟಿನೊಳಗೆ ಅವಳಿಗೆ ತನ್ನ ನಗು ತನಗೇ ಕೇಳಿಸಿತು. ಕೊಪ್ಪರಿಗೆಯ ತಗಡಿಗೆ ಕಲ್ಲು ಬಡಿಯುತ್ತಿತ್ತು. ಕೊನೆಯ ದಿಬ್ಬ ಬಂತು. ಅಲ್ಲಿ ಎರಡು ಕಾರು ಚಕ್ರ ತಿರುಗಿಸುತ್ತಾ ನಿಂತು, ತಳ್ಳಿಸಿಕೊಂಡು ಹೋಗಿದ್ದವು. ಬೇಬಿ ಒಮ್ಮೆ ಏದುಸಿರು ಬಿಟ್ಟಿತು. ಒಮ್ಮೆ ಕಚ್ಚಿತು. ಕಲ್ಲು ಹಿಂದೆ ಕೂತು ಒತ್ತಿತು, ಕಾರು ಹತ್ತಿತು.

ದಿಬ್ಬದ ಮೇಲಿನಿಂದ ಅವಳಿಗೆ ಒಂದು ಕ್ಷಣ ಇಡೀ ಬಯಲು ಕಾಣಿಸಿತು. ಶಾಮಿಯಾನ, ಜನ, ಜನರ ಮುಂದೆ ಎರಡೂ ತೋಳಲ್ಲಿ ಸೀರೆ ಸುತ್ತಿದ ಗುಂಡುಕಲ್ಲನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತ ಓಂಕಾರಮೂರ್ತಿ. ಅವನು ಕುಣಿಯುತ್ತಿದ್ದ.

ಸಣ್ಣ ಕಾರುಗಳಲ್ಲಿ ಅವಳಿಗೆ ಎರಡನೇ ಸ್ಥಾನ ಬಂತು. ಮೊದಲನೆಯದು ಮುಳ್ಳಿನ ಟಯರಿನ ಒಬ್ಬ ತೋಟದವನಿಗೆ. ಅವನು ಬಂದು ಕೈಮುಗಿದು, ನಿಮ್ಮ ಕಾರಿನ ಸೆಟ್ಟಿಂಗ್ ಯಾರು ಮಾಡಿದ್ದು ಎಂದು ಕೇಳಿದ. ನಮ್ಮ ಅತ್ತೆ ಎಂದಳು. ಬಹುಮಾನವಾಗಿ ಕೊಟ್ಟದ್ದು ಒಂದು ಪ್ಯಾಂಟ್ ಪೀಸು, ಒಂದು ಷರ್ಟ್ ಪೀಸು. ಕೊಡುವವರಿಗೇ ಮುಜುಗರವಾಯಿತು. ಬೇರೆ ತರಿಸುತ್ತೇವೆ ಎಂದರು. ಬೇಡ ಎಂದು ಅಲ್ಲೇ ಅದನ್ನು ಹನೀಫರ ಕೈಗಿಟ್ಟಳು. ಹೊಲಿಯುವವರು ಮನೆಯಲ್ಲೇ ಇದ್ದಾರಲ್ಲ ಎಂದಳು.

ಸಂಜೆ ತೀರ್ಥಮ್ಮನ ಮನೆಯ ಮುಂದೆ ಕಾರು ನಿಲ್ಲಿಸಿದಾಗ, ಅವಳು ಓಡಿ ಬಂದು ಅತ್ತಿಗೆಯನ್ನು ತಬ್ಬಿಕೊಂಡಳು. ಸುದ್ದಿ ಊರಿಗೆ ಮೊದಲೇ ಬಂದಿತ್ತು. ಆದರೆ ಮಲ್ಲಿಕಾಂಬ ಡಿಕ್ಕಿಯತ್ತ ನಡೆದಾಗ ತೀರ್ಥಮ್ಮ ಅವಳ ಕೈ ಹಿಡಿದು, ಒಳಗೆ ಕೂತಿದ್ದ ಗಂಡನಿಗೆ ಕೇಳಿಸದಂತೆ ಪಿಸುಗುಟ್ಟಿದಳು.

"ಅತ್ತಿಗೆ, ಇಳಿಸಬೇಡ್ರಿ. ಮನೇಲಿ ಕಲ್ಲಿಲ್ಲ ಅಂತ್ಲೇ ಇವರು ಮಿಕ್ಸಿ ತರಕ್ಕೆ ಒಪ್ಪಿರೋದು. ಕಲ್ಲು ಬಂದ್ರೆ ಕಲ್ಲಲ್ಲಿ ರುಬ್ಬಿದ ಚಟ್ನೀನೇ ರುಚಿ ಅಂತಾರೆ."

ಮಲ್ಲಿಕಾಂಬ ಡಿಕ್ಕಿಯನ್ನು ತೆಗೆಯಲೇ ಇಲ್ಲ. ಕಾಫಿ ಕುಡಿದು, ಓಂಕಾರಮೂರ್ತಿಯನ್ನೂ ಗುಂಡುಕಲ್ಲನ್ನೂ ಹತ್ತಿಸಿಕೊಂಡು ಹೊರಟಳು. ಬೀರೂರಿನಾಚೆಯ ಗರಸಿನ ತಿರುವನ್ನು ಸುಮ್ಮನೆ ಮೋಜಿಗೆ ಇನ್ನೊಮ್ಮೆ ಹತ್ತಿ ಇಳಿದಳು.

ಕಡೂರಿನಲ್ಲಿ ಕಲ್ಲಮ್ಮ ಕಾರಿನ ಸೀಟಿನ ಮೇಲೆ ಕೂತು ಕಾದಿದ್ದರು. ಗೆದ್ದೆಯಾ ಅನ್ನುವುದಕ್ಕಿಂತ ಮೊದಲು ಕಲ್ಲು ಕೊಟ್ಟೆಯಾ ಎಂದು ಕೇಳಿದರು.

"ಇಲ್ಲ ಅತ್ತೆ. ಅದು ಕಾರಿಗೆ ಬೇಕು. ಇನ್ಮೇಲೆ ಅದು ಕಾರಲ್ಲೇ ಇರ್ತದೆ."

ಜಯದೇವಪ್ಪ ಏನೋ ಹೇಳಲು ಬಾಯಿ ತೆರೆದ. ಅದಕ್ಕೂ ಮೊದಲು ಓಂಕಾರಮೂರ್ತಿ ದಿಬ್ಬದ ಕತೆ ಶುರುಮಾಡಿದ. ಕಾರು ಹೇಗೆ ಕಚ್ಚಿತು, ತೋಟದವನು ಹೇಗೆ ಕೈಮುಗಿದ, ಅತ್ತಿಗೆ ಹೇಗೆ ತಿರುಗಿಸಿದರು. ಅವನ ಕತೆಯಲ್ಲಿ ಒರಳುಕಲ್ಲು ಇಡುವ ಯೋಚನೆ ಆಗಲೇ ಅವನದೇ ಆಗಿತ್ತು. ಯಾರೂ ತಿದ್ದಲಿಲ್ಲ. ಕಲ್ಲಮ್ಮ ಮಾತ್ರ ಎದ್ದು ಬಂದು ಡಿಕ್ಕಿಯ ಬಾಗಿಲು ಮುಟ್ಟಿದರು.

"ನಾನು ಮದುವೆಯಾಗಿ ಬಂದಾಗಿಂದ ಅದು ಕೂತಲ್ಲೇ ಕೂತಿತ್ತು," ಎಂದರು. "ಅದರ ಮುಂದೆ ನಾನೂ ಕೂತಲ್ಲೇ ಕೂತಿದ್ದೆ. ಅದಾದ್ರೂ ಓಡಾಡ್ಲಿ ಬಿಡು."

ಹಿಂದಿನ ಸೀಟು ಮತ್ತೆ ಕಾರಿಗೆ ಹೋಗಲಿಲ್ಲ. ಹಮಾಲಿಗಳ ಊಟ ಸೈಕಲ್ಲಿನಲ್ಲಿ ಹೋಗತೊಡಗಿತು, ಕೊಬ್ಬರಿ ಮೂಟೆ ಗಾಡಿಯಲ್ಲಿ. ಬೀರೂರಿನ ಡಾಕ್ಟರ ಹತ್ತಿರ ಕಲ್ಲಮ್ಮ ಈಗ ಮುಂದಿನ ಸೀಟಿನಲ್ಲಿ ಹೋಗುತ್ತಿದ್ದರು. ತಮಗೆಂದೇ ಅದರ ದಿಂಬನ್ನು ಜಗಲಿಯಿಂದ ಬಿಟ್ಟುಕೊಟ್ಟಿದ್ದರು. ಮುಂದಿನ ಕೆಲವು ವರ್ಷ ಮಲ್ಲಿಕಾಂಬ ಅಜ್ಜಂಪುರದಲ್ಲಿ, ತರೀಕೆರೆಯಲ್ಲಿ, ಒಮ್ಮೆ ಹಾಸನದ ಕಡೆಯೂ ಓಡಿಸಿದಳು. ಮೊದಲ ಸ್ಥಾನ ಎರಡು ಸಲ ಬಂತು. ರೇಸಿಲ್ಲದ ಭಾನುವಾರಗಳಲ್ಲಿ ಕೆಮ್ಮಣ್ಣುಗುಂಡಿಯ ಘಾಟಿ ಹತ್ತಿ, ಹೆಬ್ಬೆಯ ಕಡೆಯ ಕಣಿವೆ ಕಾಣುವಲ್ಲಿ ಕಾರು ನಿಲ್ಲಿಸಿ, ಫ್ಲಾಸ್ಕಿನ ಕಾಫಿ ಕುಡಿದು, ಏನನ್ನೂ ಕೊಡದೆ, ಏನನ್ನೂ ತರದೆ ಇಳಿದು ಬರುತ್ತಿದ್ದಳು. ಕೆಲವೊಮ್ಮೆ ಪಕ್ಕದಲ್ಲಿ ಅಮೀನಾಬಿ ಇರುತ್ತಿದ್ದರು.

ಬೀಗದಕೈ ಸದ್ದಾದರೆ ಆ ಮಾತು ಆಮೇಲೂ ಬರುತ್ತಿತ್ತು. ಒಳಗಿನಿಂದ ಗಂಡ, ಪಕ್ಕದ ಮನೆಯವರು, ಮಠದವರು. ಹೆಂಗೂ ಹೋಗ್ತೀಯಲ್ಲ.

ಮಲ್ಲಿಕಾಂಬ ಜಡೆಯನ್ನು ಬೆನ್ನಿಗೆ ಎಸೆದುಕೊಂಡು, ಕಾರು ಸ್ಟಾರ್ಟ್ ಮಾಡಿ, ಕಿಟಕಿಯಿಂದ ಹೇಳುತ್ತಿದ್ದಳು.

"ಡಿಕ್ಕಿ ತುಂಬೈತೆ ಕಣ್ರೀ."